ದರ ಒಪ್ಪಂದಗಳ ಗಣಕೀಕರಣ: ದಶಮಾಂಶ ಸ್ಥಾನಗಳನ್ನು ನಿಗದಿಪಡಿಸುವ ಕ್ರಮ

ವಾರ್ಷಿಕ ದರ ಒಪ್ಪಂದ, ಜಾಬ್ ವರ್ಕ್ ಒಪ್ಪಂದ, ಸಾಗಣೆ ಒಪ್ಪಂದ ಮೊದಲಾದವುಗಳನ್ನು ಕಡತಗಳಲ್ಲಿ ಕಟ್ಟಿಡುತ್ತಿದ್ದ ಕಾಲ ಹಿಂದೆ ಸರಿದಿದೆ. ಇಂದು ಸಾಧಾರಣ ಗಾತ್ರದ ಉದ್ದಿಮೆಯೂ ತನ್ನ ಒಪ್ಪಂದಗಳ ದರ, ಅವಧಿ, ಪ್ರಮಾಣ ಮತ್ತು ಪಾವತಿ ಷರತ್ತುಗಳನ್ನು ಗಣಕಯಂತ್ರದಲ್ಲಿ ದಾಖಲಿಸುತ್ತಿದೆ. ಖರೀದಿ ಆದೇಶ, ಬಿಲ್ಲು ಹಾಗೂ ತೆರಿಗೆಯ ಲೆಕ್ಕ ಅಲ್ಲಿಂದಲೇ ಹೊರಡುತ್ತವೆ. ಇಂತಹ ತಂತ್ರಾಂಶವನ್ನು ಅಳವಡಿಸುವ ಸಂದರ್ಭದಲ್ಲಿ ಮಾಲೀಕರು ಬಳಕೆದಾರರ ಪಟ್ಟಿ, ಅನುಮೋದನೆಯ ಹಂತಗಳು, ಮುದ್ರಣದ ನಮೂನೆ ಇವುಗಳ ಬಗ್ಗೆ ವಿಚಾರಿಸುತ್ತಾರೆ. ಆದರೆ ಹಣದ ಮೊತ್ತವನ್ನು ಎಷ್ಟು ದಶಮಾಂಶ ಸ್ಥಾನಗಳವರೆಗೆ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ರೂಪಾಯಿಗೆ ನೂರು ಪೈಸೆ ಇರುವುದರಿಂದ ಎರಡು ಸ್ಥಾನ ಸಾಕು ಎಂಬ ಭಾವನೆ ಸಾಮಾನ್ಯವಾಗಿದೆ. ಈ ಭಾವನೆ ಅರ್ಧ ಮಾತ್ರ ಸರಿ. ಉಳಿದರ್ಧದಿಂದ ಉಂಟಾಗುವ ನಷ್ಟವೇನು, ಅದನ್ನು ತಡೆಯುವ ಬಗೆ ಹೇಗೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ದರ ಬೇರೆ, ಮೊತ್ತ ಬೇರೆ

ಮೊದಲಿಗೆ ಗಮನಿಸಬೇಕಾದ ಸಂಗತಿಯೆಂದರೆ, ಒಪ್ಪಂದದಲ್ಲಿ ಹಣವನ್ನು ಸೂಚಿಸುವ ಅಂಕೆಗಳು ಎರಡು ಬಗೆಯವು. ಒಂದು, ಪ್ರತಿ ನಗಕ್ಕೆ, ಪ್ರತಿ ಕಿಲೋಗ್ರಾಮಿಗೆ ಅಥವಾ ಪ್ರತಿ ಮೀಟರಿಗೆ ಎಂದು ನಿಗದಿಯಾದ ಘಟಕ ದರ. ಇನ್ನೊಂದು, ಆ ದರವನ್ನು ಪ್ರಮಾಣದಿಂದ ಗುಣಿಸಿದಾಗ ದೊರೆಯುವ ಮೊತ್ತ. ಮೊತ್ತವನ್ನು ಯಾರಾದರೂ ಪಾವತಿ ಮಾಡಬೇಕು. ಪೈಸೆಗಿಂತ ಸಣ್ಣ ಹಣವನ್ನು ಪಾವತಿ ಮಾಡಲು ಸಾಧ್ಯವಿಲ್ಲವಾದ್ದರಿಂದ ಮೊತ್ತಕ್ಕೆ ಎರಡು ಸ್ಥಾನ ಸಾಕು. ಘಟಕ ದರವನ್ನಾದರೋ ಯಾರೂ ಪ್ರತ್ಯೇಕವಾಗಿ ಪಾವತಿ ಮಾಡುವುದಿಲ್ಲ. ಅದು ಗುಣಿಸುವುದಕ್ಕಾಗಿ ಇರುವ ಅಂಕೆ. ಆದ್ದರಿಂದ ಅದಕ್ಕೆ ಪೈಸೆಯ ಮಿತಿ ಅನ್ವಯಿಸಬೇಕಾಗಿಲ್ಲ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಪೀಣ್ಯದ ಒಂದು ಪ್ರೆಸ್ ಷಾಪ್ ದೊಡ್ಡ ಕಾರ್ಖಾನೆಯೊಂದಕ್ಕೆ ವರ್ಷಕ್ಕೆ 40 ಲಕ್ಷ ವಾಷರ್‌ಗಳನ್ನು ಒಂದಕ್ಕೆ 37.5 ಪೈಸೆಯಂತೆ ಒದಗಿಸಲು ಒಪ್ಪಿದೆ ಎಂದಿಟ್ಟುಕೊಳ್ಳೋಣ. ಅಂದರೆ ದರ 0.375 ರೂಪಾಯಿ, ವರ್ಷದ ವಹಿವಾಟು 15,00,000 ರೂಪಾಯಿ. ತಂತ್ರಾಂಶದಲ್ಲಿ ದರಕ್ಕೆ ಎರಡೇ ಸ್ಥಾನವಿದ್ದರೆ ಅದು 0.38 ಎಂದು ದಾಖಲಾಗುತ್ತದೆ. ಮೊತ್ತ 15,20,000 ರೂಪಾಯಿ ಆಗುತ್ತದೆ. ಮೂರನೆಯ ಅಂಕೆಯನ್ನು ಕತ್ತರಿಸಿಬಿಡುವ ತಂತ್ರಾಂಶವಾದರೆ 0.37 ಉಳಿದು ಮೊತ್ತ 14,80,000 ರೂಪಾಯಿಗೆ ಇಳಿಯುತ್ತದೆ. ಅರ್ಧ ಪೈಸೆಯ ವ್ಯತ್ಯಾಸ ವರ್ಷಾಂತ್ಯಕ್ಕೆ 20,000 ರೂಪಾಯಿ! ಹನಿ ಹನಿಗೂಡಿದರೆ ಹಳ್ಳ ಎಂಬ ಗಾದೆಗೆ ಇದಕ್ಕಿಂತ ನೇರವಾದ ನಿದರ್ಶನ ಬೇಕಿಲ್ಲ. ತೆಳುವಾದ ಲಾಭಾಂಶದ ಮೇಲೆ ನಡೆಯುವ ಜಾಬ್ ವರ್ಕ್ ಘಟಕಕ್ಕೆ ಇದು ಸಣ್ಣ ಮೊತ್ತವಲ್ಲ.

ಇದಕ್ಕಿಂತಲೂ ತೊಂದರೆಯ ಸಂಗತಿ ಮತ್ತೊಂದಿದೆ. ಸರಬರಾಜುದಾರನ ಗಣಕಯಂತ್ರದಲ್ಲಿ 0.375 ಹಾಗೂ ಖರೀದಿದಾರನ ಗಣಕಯಂತ್ರದಲ್ಲಿ 0.38 ಇದ್ದಾಗ ಪ್ರತಿ ಬಿಲ್ಲಿನಲ್ಲಿಯೂ ವ್ಯತ್ಯಾಸ ಕಾಣುತ್ತದೆ. ದೊಡ್ಡ ಸಂಸ್ಥೆಗಳಲ್ಲಿ ಖರೀದಿ ಆದೇಶ, ಸರಕು ಸ್ವೀಕೃತಿ ಪತ್ರ ಮತ್ತು ಬಿಲ್ಲು ಈ ಮೂರನ್ನೂ ತಂತ್ರಾಂಶವೇ ತಾಳೆ ನೋಡುತ್ತದೆ. ನಿಗದಿತ ಮಿತಿಯನ್ನು ಮೀರಿದ ವ್ಯತ್ಯಾಸವಿದ್ದರೆ ಬಿಲ್ಲು ತಾನಾಗಿಯೇ ತಡೆಹಿಡಿಯಲ್ಪಡುತ್ತದೆ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಪಾವತಿಯ ಅವಧಿ, ಲಿಖಿತ ಒಪ್ಪಂದವಿದ್ದರೂ ಸಹ, ಸರಕು ಸ್ವೀಕೃತವಾದ ದಿನದಿಂದ 45 ದಿನಗಳನ್ನು ಮೀರಬಾರದೆಂದು 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮದ 15ನೆಯ ಪ್ರಕರಣ ವಿಧಿಸಿದೆ. ಕಾನೂನಿನ ಈ ರಕ್ಷಣೆ ಇದ್ದರೂ, ಅಂಕೆ ತಾಳೆಯಾಗದ ಬಿಲ್ಲಿನ ಬಗ್ಗೆ ಪತ್ರ ವ್ಯವಹಾರ ನಡೆಸುತ್ತಾ ಕೂರುವವನು ಸರಬರಾಜುದಾರನೇ.

ಇದಕ್ಕೆ ಎರಡು ಪರಿಹಾರಗಳಿವೆ. ಮೊದಲನೆಯದು, ಘಟಕ ದರಕ್ಕೆ ಮೂರು ಅಥವಾ ನಾಲ್ಕು ದಶಮಾಂಶ ಸ್ಥಾನಗಳನ್ನು ಪ್ರತ್ಯೇಕವಾಗಿ ನಿಗದಿಪಡಿಸುವುದು. ಎರಡನೆಯದು, ಮಾಪನದ ಘಟಕವನ್ನೇ ಬದಲಾಯಿಸುವುದು. ವಾಷರ್ ಒಂದಕ್ಕೆ 0.375 ರೂಪಾಯಿ ಎನ್ನುವ ಬದಲು ಸಾವಿರಕ್ಕೆ 375 ರೂಪಾಯಿ ಎಂದು ಬರೆದರೆ ದಶಮಾಂಶದ ಪ್ರಶ್ನೆಯೇ ಏಳುವುದಿಲ್ಲ. ಸಾಪ್ ತಂತ್ರಾಂಶದ ಖರೀದಿ ಆದೇಶದಲ್ಲಿ ಬೆಲೆ ಎಷ್ಟು ನಗಗಳಿಗೆ ಎಂದು ನಮೂದಿಸುವ ಅಂಕಣವಿರುವುದು ಇದೇ ಕಾರಣಕ್ಕೆ. ಸರಕು ಮತ್ತು ಸೇವಾ ತೆರಿಗೆಯ ಅಧಿಕೃತ ಮಾಪನ ಘಟಕಗಳ ಪಟ್ಟಿಯಲ್ಲಿಯೂ ಡಜನ್, ಗ್ರೋಸ್, ಕ್ವಿಂಟಲ್‌ಗಳ ಜೊತೆಗೆ ಸಾವಿರ ಎಂಬ ಘಟಕವಿದ್ದು, ಅದರ ಸಂಕೇತ ಟಿಎಚ್‌ಡಿ. ಇ-ಇನ್‌ವಾಯ್ಸ್‌ನ ನಮೂನೆಯಲ್ಲಿ ಘಟಕ ದರಕ್ಕೆ ಮೂರು ದಶಮಾಂಶ ಸ್ಥಾನಗಳಿಗೆ ಮಾತ್ರ ಅವಕಾಶವಿರುವುದರಿಂದ, ನಾಲ್ಕನೆಯ ಸ್ಥಾನದವರೆಗೂ ದರವಿರುವ ಸರಕುಗಳಿಗೆ ಈ ಎರಡನೆಯ ಮಾರ್ಗವೇ ಸೂಕ್ತ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ಉದ್ದಿಮೆಗಳಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿರುವುದನ್ನು ಇಲ್ಲಿ ನೆನಪಿಸಬಹುದು.

ಆಣೆಯ ಕಾಲದ ಪಾಠ

ಈ ಸಮಸ್ಯೆ ಗಣಕಯಂತ್ರದೊಂದಿಗೆ ಹುಟ್ಟಿದ್ದಲ್ಲ. 1957ರ ಏಪ್ರಿಲ್ 1ರಂದು ನಮ್ಮ ದೇಶದಲ್ಲಿ ದಶಮಾಂಶ ನಾಣ್ಯ ಪದ್ಧತಿ ಜಾರಿಗೆ ಬಂದಿತು. ಅಲ್ಲಿಯವರೆಗೆ ರೂಪಾಯಿಗೆ 16 ಆಣೆ, ಅಂದರೆ 64 ಪೈಸೆ ಅಥವಾ 192 ಪೈ ಇದ್ದುದು, ಅಂದಿನಿಂದ 100 ನಯಾ ಪೈಸೆಯಾಯಿತು. ಒಂದು ಆಣೆಗೆ ಲೆಕ್ಕದ ಪ್ರಕಾರ 6.25 ನಯಾ ಪೈಸೆ. ಕಾಲು ಪೈಸೆಯ ನಾಣ್ಯವಿಲ್ಲದ್ದರಿಂದ ಅಧಿಕೃತ ಪರಿವರ್ತನಾ ಕೋಷ್ಟಕದಲ್ಲಿ ಒಂದು ಆಣೆಗೆ 6, ಎರಡು ಆಣೆಗೆ 12, ಮೂರು ಆಣೆಗೆ 19, ನಾಲ್ಕು ಆಣೆಗೆ 25 ನಯಾ ಪೈಸೆ ಎಂದು ನಿಗದಿಯಾಯಿತು.

ಈ ಕೋಷ್ಟಕವನ್ನು ಸೂಕ್ಷ್ಮವಾಗಿ ನೋಡಿದರೆ ಇಂದಿನ ತಂತ್ರಾಂಶದ ತೊಡಕು ಅದರಲ್ಲಿಯೇ ಕಾಣುತ್ತದೆ. ಒಂದೊಂದು ಆಣೆಯ ಮೂರು ವಸ್ತುಗಳನ್ನು ಪ್ರತ್ಯೇಕವಾಗಿ ಪರಿವರ್ತಿಸಿದರೆ 18 ನಯಾ ಪೈಸೆ. ಒಟ್ಟು ಮೂರು ಆಣೆಯನ್ನು ಒಮ್ಮೆಗೇ ಪರಿವರ್ತಿಸಿದರೆ 19. ಹದಿನಾರು ಆಣೆಗಳನ್ನು ಬಿಡಿಬಿಡಿಯಾಗಿ ಪರಿವರ್ತಿಸಿದರೆ 96 ನಯಾ ಪೈಸೆ. ಒಟ್ಟಾಗಿ ಪರಿವರ್ತಿಸಿದರೆ ಪೂರ್ತಿ ಒಂದು ರೂಪಾಯಿ. ಬಿಡಿಯಾಗಿ ರೌಂಡ್ ಆಫ್ ಮಾಡಿ ಕೂಡಿಸುವುದಕ್ಕೂ, ಕೂಡಿಸಿ ರೌಂಡ್ ಆಫ್ ಮಾಡುವುದಕ್ಕೂ ಇರುವ ಅಂತರವಿದು. ತಂತ್ರಾಂಶದಲ್ಲಿ ದಶಮಾಂಶ ಸ್ಥಾನಗಳ ಸಂಖ್ಯೆಯನ್ನು ನಿಗದಿಪಡಿಸಿದರೆ ಮಾತ್ರ ಸಾಲದು. ರೌಂಡ್ ಆಫ್ ಯಾವ ಹಂತದಲ್ಲಿ ಆಗಬೇಕು ಎಂಬುದನ್ನೂ ನಿಗದಿಪಡಿಸಬೇಕು.

ಯಾವ ಹಂತದಲ್ಲಿ ರೌಂಡ್ ಆಫ್?

20 ಸಾಲುಗಳಿರುವ ಒಂದು ಬಿಲ್ಲಿನಲ್ಲಿ ಪ್ರತಿ ಸಾಲಿನ ತೆರಿಗೆಪೂರ್ವ ಮೌಲ್ಯ 105.05 ರೂಪಾಯಿ ಇದೆ ಎನ್ನೋಣ. ಕೇಂದ್ರ ತೆರಿಗೆ ಶೇಕಡಾ 9ರಂತೆ ಪ್ರತಿ ಸಾಲಿಗೆ 9.4545 ರೂಪಾಯಿ ಬರುತ್ತದೆ. ಸಾಲಿನಲ್ಲಿಯೇ ಪೈಸೆಗೆ ರೌಂಡ್ ಆಫ್ ಮಾಡಿದರೆ 9.45, ಇಪ್ಪತ್ತು ಸಾಲುಗಳಿಗೆ 189.00 ರೂಪಾಯಿ. ಒಟ್ಟು ಮೌಲ್ಯ 2,101 ರೂಪಾಯಿಗೆ ಒಮ್ಮೆಗೇ ಲೆಕ್ಕ ಹಾಕಿದರೆ 189.09 ರೂಪಾಯಿ. ವ್ಯತ್ಯಾಸ 9 ಪೈಸೆ. ಆದರೆ ಯಾರಾದರೂ ಪ್ರತಿ ಸಾಲನ್ನೂ ಪೂರ್ಣ ರೂಪಾಯಿಗೆ ಇಳಿಸಿದ್ದರೆ ತೆರಿಗೆ 180 ರೂಪಾಯಿಗೆ ಬರುತ್ತದೆ. ಕೇಂದ್ರ ಮತ್ತು ರಾಜ್ಯ ತೆರಿಗೆ ಎರಡೂ ಸೇರಿ 18 ರೂಪಾಯಿಯಷ್ಟು ತೆರಿಗೆ ಒಂದೇ ಬಿಲ್ಲಿನಲ್ಲಿ ಕಡಿಮೆಯಾದಂತಾಗುತ್ತದೆ.

ತೆರಿಗೆಯನ್ನು ಎರಡು ಭಾಗ ಮಾಡುವಾಗಲೂ ಒಂದು ಸೂಕ್ಷ್ಮವಿದೆ. 155.50 ರೂಪಾಯಿಗೆ ಶೇಕಡಾ 18ರಂತೆ 27.99 ರೂಪಾಯಿ. ಇದನ್ನೇ ಕೇಂದ್ರ ಮತ್ತು ರಾಜ್ಯಕ್ಕೆ ಶೇಕಡಾ 9ರಂತೆ ಬೇರೆ ಬೇರೆಯಾಗಿ ಲೆಕ್ಕ ಹಾಕಿದರೆ ಒಂದೊಂದೂ 13.995, ಅಂದರೆ 14.00, ಎರಡೂ ಸೇರಿ 28.00. ಒಂದು ಪೈಸೆ ಹೆಚ್ಚಾಯಿತು. ಒಬ್ಬರ ತಂತ್ರಾಂಶ ಮೊದಲ ಕ್ರಮವನ್ನೂ, ಇನ್ನೊಬ್ಬರದು ಎರಡನೆಯ ಕ್ರಮವನ್ನೂ ಅನುಸರಿಸಿದರೆ ಬಿಲ್ಲುಗಳು ತಾಳೆಯಾಗುವುದಿಲ್ಲ. ಎರಡೂ ತೆರಿಗೆಗಳು ಬೇರೆ ಬೇರೆ ಕಾನೂನುಗಳ ಅಡಿಯಲ್ಲಿ ವಿಧಿಸಲ್ಪಡುವುದರಿಂದ ಬೇರೆ ಬೇರೆಯಾಗಿ ಲೆಕ್ಕ ಹಾಕುವ ಕ್ರಮವೇ ಯುಕ್ತ.

2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 170ನೆಯ ಪ್ರಕರಣದಂತೆ ತೆರಿಗೆ, ಬಡ್ಡಿ, ದಂಡ, ಮರುಪಾವತಿ ಮುಂತಾದ ಮೊತ್ತಗಳನ್ನು ಸಮೀಪದ ರೂಪಾಯಿಗೆ ಹೊಂದಿಸಬೇಕು. 50 ಪೈಸೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದು ರೂಪಾಯಿ, ಕಡಿಮೆಯಿದ್ದರೆ ಕೈಬಿಡುವುದು ಎಂಬುದು ಅಲ್ಲಿನ ನಿಯಮ. ಇದನ್ನು ಬಿಲ್ಲಿನ ಪ್ರತಿ ಸಾಲಿಗೂ ಎಳೆದು ತಂದರೆ ಏನಾಗುತ್ತದೆ ಎಂಬುದನ್ನು ಮೇಲಿನ ಉದಾಹರಣೆ ತೋರಿಸಿದೆ. ಇ-ಇನ್‌ವಾಯ್ಸ್ ನಮೂನೆಯಲ್ಲಿಯೂ ಸಾಲಿನ ಮೊತ್ತಗಳಿಗೆ ಎರಡು ದಶಮಾಂಶ ಸ್ಥಾನಗಳನ್ನು ಉಳಿಸಿಕೊಂಡು, ಇಡೀ ಬಿಲ್ಲಿನ ರೌಂಡ್ ಆಫ್ ಮೊತ್ತಕ್ಕೆ ಪ್ರತ್ಯೇಕ ಅಂಕಣವನ್ನು ಕೊಡಲಾಗಿದೆ. ಸಾಲುಗಳಲ್ಲಿ ಪೈಸೆ, ಕೊನೆಯಲ್ಲಿ ಒಮ್ಮೆ ಮಾತ್ರ ರೂಪಾಯಿ ಎಂಬ ಕ್ರಮಕ್ಕೆ ತಂತ್ರಾಂಶವನ್ನು ಹೊಂದಿಸಿಕೊಳ್ಳುವುದು ಉಚಿತ.

ರೌಂಡ್ ಆಫ್ ಮಾಡುವ ವಿಧಾನಗಳು

ಅರ್ಧ ಬಂದಾಗ ಮೇಲಕ್ಕೋ ಕೆಳಕ್ಕೋ ಎಂಬ ಬಗ್ಗೆ ಒಂದಕ್ಕಿಂತ ಹೆಚ್ಚು ಪದ್ಧತಿಗಳಿವೆ. ತೆರಿಗೆ ಕಾನೂನಿನಲ್ಲಿರುವಂತೆ ಅರ್ಧವನ್ನು ಮೇಲಕ್ಕೆ ಏರಿಸುವುದು ವರ್ತಕರಿಗೆ ಚಿರಪರಿಚಿತ. ಭಾರತೀಯ ಮಾನಕ ಬ್ಯೂರೋದ ಐಎಸ್ 2 ಎಂಬ ಮಾನಕದಲ್ಲಿರುವ ಪದ್ಧತಿ ಬೇರೆ. ಅದರ ಪ್ರಕಾರ ಸರಿಯಾಗಿ ಅರ್ಧ ಬಂದಾಗ ಹಿಂದಿನ ಅಂಕೆ ಸಮಸಂಖ್ಯೆಯಾಗುವಂತೆ ಹೊಂದಿಸಬೇಕು. ಮೂರನೆಯದು, ಹೆಚ್ಚುವರಿ ಅಂಕೆಗಳನ್ನು ಸುಮ್ಮನೆ ಕತ್ತರಿಸಿಬಿಡುವುದು. 2.345 ಎಂಬ ಸಂಖ್ಯೆ ಮೊದಲ ಪದ್ಧತಿಯಲ್ಲಿ 2.35, ಎರಡನೆಯದರಲ್ಲಿ 2.34, ಮೂರನೆಯದರಲ್ಲಿಯೂ 2.34 ಆಗುತ್ತದೆ. 2.355 ಎಂಬುದು ಮೊದಲೆರಡರಲ್ಲಿ 2.36 ಆದರೆ ಮೂರನೆಯದರಲ್ಲಿ 2.35.

ಕತ್ತರಿಸುವ ಪದ್ಧತಿಯ ಅಪಾಯವೆಂದರೆ ಅದರ ತಪ್ಪು ಯಾವಾಗಲೂ ಒಂದೇ ದಿಕ್ಕಿಗೆ ವಾಲುತ್ತದೆ. ಕೆನಡಾದ ವ್ಯಾಂಕೂವರ್ ಷೇರು ವಿನಿಮಯ ಕೇಂದ್ರದ ಸೂಚ್ಯಂಕದ ಪ್ರಸಂಗ ಇದಕ್ಕೆ ಪ್ರಸಿದ್ಧ ನಿದರ್ಶನ. 1982ರ ಜನವರಿಯಲ್ಲಿ 1,000 ಅಂಶಗಳಿಂದ ಆರಂಭವಾದ ಆ ಸೂಚ್ಯಂಕವನ್ನು ಪ್ರತಿ ವಹಿವಾಟಿನ ನಂತರ ಪರಿಷ್ಕರಿಸಿ, ಮೂರು ದಶಮಾಂಶ ಸ್ಥಾನಗಳ ಮುಂದಿನದನ್ನು ಕತ್ತರಿಸಲಾಗುತ್ತಿತ್ತು. 1983ರ ನವೆಂಬರ್ ವೇಳೆಗೆ ಸೂಚ್ಯಂಕ ಸುಮಾರು 524ಕ್ಕೆ ಇಳಿದಿತ್ತು. ಸರಿಯಾಗಿ ಲೆಕ್ಕ ಹಾಕಿದಾಗ ಅದು ಸುಮಾರು 1,098 ಇರಬೇಕಾಗಿತ್ತೆಂದು ತಿಳಿದುಬಂದಿತು.

ವಿಧಾನದ ಆಯ್ಕೆ ನಮ್ಮಲ್ಲಿ ಬಳಕೆಯಲ್ಲಿರುವ ತಂತ್ರಾಂಶಗಳಲ್ಲಿಯೂ ಇದೆ. ಟ್ಯಾಲಿಯಲ್ಲಿ ಬಿಲ್ಲಿನ ರೌಂಡ್ ಆಫ್‌ಗೆಂದು ಲೆಡ್ಜರ್ ತೆರೆಯುವಾಗ ಕೆಳಮುಖ, ಸಾಮಾನ್ಯ, ಮೇಲ್ಮುಖ ಎಂಬ ಮೂರು ವಿಧಾನಗಳಲ್ಲಿ ಒಂದನ್ನು ಆರಿಸಿ, ಎಷ್ಟರ ಸಮೀಪಕ್ಕೆ ಎಂಬ ಮಿತಿಯನ್ನು ನಮೂದಿಸಬೇಕಾಗುತ್ತದೆ. ಇಆರ್‌ಪಿನೆಕ್ಸ್ಟ್ ತಂತ್ರಾಂಶದಲ್ಲಿ ಕರೆನ್ಸಿಯ ದಶಮಾಂಶ ಸ್ಥಾನ, ಇತರ ಸಂಖ್ಯೆಗಳ ದಶಮಾಂಶ ಸ್ಥಾನ ಹಾಗೂ ರೌಂಡ್ ಆಫ್ ವಿಧಾನ ಇವು ಬೇರೆ ಬೇರೆ ಆಯ್ಕೆಗಳು. ಎಕ್ಸೆಲ್‌ನ ಹಾಳೆಯಲ್ಲಿ ಬಳಸುವ ರೌಂಡ್ ಸೂತ್ರ ಅರ್ಧವನ್ನು ಮೇಲಕ್ಕೆ ಏರಿಸಿದರೆ, ಅದೇ ಎಕ್ಸೆಲ್‌ನ ಮ್ಯಾಕ್ರೊದಲ್ಲಿರುವ ರೌಂಡ್ ಸೂತ್ರ ಸಮಸಂಖ್ಯೆಯ ಪದ್ಧತಿಯನ್ನು ಅನುಸರಿಸುತ್ತದೆ. ಒಂದೇ ಕಚೇರಿಯ ಎರಡು ಹಾಳೆಗಳಲ್ಲಿ ಒಂದು ಪೈಸೆಯ ವ್ಯತ್ಯಾಸ ಕಂಡುಬಂದಾಗ ಗುಮಾಸ್ತರನ್ನು ದೂರುವ ಮುನ್ನ ಇದನ್ನು ಪರಿಶೀಲಿಸುವುದು ಒಳಿತು.

ಕ್ರೆಡಿಟ್ ನೋಟ್‌ಗಳಲ್ಲಿ ಋಣ ಸಂಖ್ಯೆಗಳು ಬರುವುದರಿಂದ ವಿಶೇಷ ಎಚ್ಚರಿಕೆ ಅಗತ್ಯ. 2.345ನ್ನು 2.35 ಮಾಡುವ ತಂತ್ರಾಂಶವು ಋಣ 2.345ನ್ನು ಋಣ 2.34 ಮಾಡಿದರೆ, ಬಿಲ್ಲನ್ನು ಪೂರ್ತಿ ರದ್ದುಪಡಿಸಿದರೂ ಖಾತೆಯಲ್ಲಿ ಒಂದು ಪೈಸೆ ಉಳಿದುಬಿಡುತ್ತದೆ.

ಬೆಲೆ ಏರಿಳಿತದ ಷರತ್ತು

ದೀರ್ಘಾವಧಿಯ ಒಪ್ಪಂದಗಳಲ್ಲಿ ಕಚ್ಚಾ ವಸ್ತುವಿನ ಬೆಲೆಗೆ ಅನುಗುಣವಾಗಿ ದರವನ್ನು ಪರಿಷ್ಕರಿಸುವ ಷರತ್ತು ಇರುತ್ತದೆ. ದಶಮಾಂಶದ ಪ್ರಭಾವ ಅತ್ಯಂತ ಹೆಚ್ಚಾಗಿರುವುದು ಇಲ್ಲಿಯೇ. ಸಾಮಾನ್ಯವಾಗಿ ಸೂತ್ರವು ಹೀಗಿರುತ್ತದೆ: ಮೂಲ ಬೆಲೆಯ ಶೇಕಡಾ 15 ಭಾಗ ಸ್ಥಿರ, ಉಳಿದ ಶೇಕಡಾ 85 ಭಾಗವನ್ನು ಹೊಸ ಸೂಚ್ಯಂಕ ಮತ್ತು ಹಳೆಯ ಸೂಚ್ಯಂಕದ ಅನುಪಾತದಿಂದ ಗುಣಿಸಬೇಕು.

ಮೂಲ ಬೆಲೆ 25 ಲಕ್ಷ ರೂಪಾಯಿ, ಹಳೆಯ ಸೂಚ್ಯಂಕ 151.2, ಹೊಸದು 154.9 ಎಂದು ಭಾವಿಸೋಣ. ಅನುಪಾತ 1.02447 ಚಿಲ್ಲರೆ. ಪೂರ್ತಿ ಅಂಕೆಗಳನ್ನು ಉಳಿಸಿಕೊಂಡು ಲೆಕ್ಕ ಹಾಕಿದರೆ ಪರಿಷ್ಕೃತ ಬೆಲೆ 25,52,000.66 ರೂಪಾಯಿ. ಅನುಪಾತವನ್ನು ನಾಲ್ಕು ಸ್ಥಾನಗಳಿಗೆ, ಅಂದರೆ 1.0245ಕ್ಕೆ ಹೊಂದಿಸಿದರೆ ಬೆಲೆ 25,52,062.50 ರೂಪಾಯಿ, ವ್ಯತ್ಯಾಸ ಸುಮಾರು 62 ರೂಪಾಯಿ. ಆದರೆ ಅನುಪಾತದ ಅಂಕಣಕ್ಕೂ ರೂಪಾಯಿಯ ಎರಡು ಸ್ಥಾನಗಳ ನಿಯಮವನ್ನೇ ಅನ್ವಯಿಸಿ 1.02 ಎಂದು ಮಾಡಿದರೆ ಬೆಲೆ 25,42,500 ರೂಪಾಯಿಗೆ ಇಳಿಯುತ್ತದೆ. ಸರಬರಾಜುದಾರನಿಗೆ ನ್ಯಾಯವಾಗಿ ಬರಬೇಕಾದ 9,500 ರೂಪಾಯಿ ಒಂದು ಅಂಕಣದ ವ್ಯವಸ್ಥೆಯಿಂದಾಗಿ ಮಾಯವಾಗುತ್ತದೆ. ಅನುಪಾತ, ಶೇಕಡಾವಾರು, ವಿನಿಮಯ ದರ ಇವು ಹಣವಲ್ಲ. ಇವುಗಳಿಗೆ ಕನಿಷ್ಠ ಆರು ಸ್ಥಾನಗಳನ್ನು ಇಡಬೇಕು.

ವಿದೇಶಿ ಕರೆನ್ಸಿಯ ಒಪ್ಪಂದಗಳು

ರಫ್ತು ಮತ್ತು ಆಮದು ವ್ಯವಹಾರದಲ್ಲಿರುವ ಸದಸ್ಯರು ಎಲ್ಲ ಕರೆನ್ಸಿಗಳಿಗೂ ಎರಡು ಸ್ಥಾನ ಎಂಬ ಗ್ರಹಿಕೆಯನ್ನು ಮೊದಲು ಬಿಡಬೇಕು. ಕರೆನ್ಸಿಗಳ ಸಂಕೇತಗಳಿಗೆ ಸಂಬಂಧಿಸಿದ ಐಎಸ್‌ಒ 4217 ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿ ಪ್ರತಿ ಕರೆನ್ಸಿಗೂ ಎಷ್ಟು ಸ್ಥಾನಗಳೆಂದು ಸೂಚಿಸಲಾಗಿದೆ.

– ಎರಡು ಸ್ಥಾನ: ಭಾರತದ ರೂಪಾಯಿ, ಅಮೆರಿಕದ ಡಾಲರ್, ಯೂರೋ, ಬ್ರಿಟನ್ನಿನ ಪೌಂಡ್, ಸಂಯುಕ್ತ ಅರಬ್ ಸಂಸ್ಥಾನದ ದಿರ್ಹಮ್.
– ಮೂರು ಸ್ಥಾನ: ಕುವೈತ್ ದಿನಾರ್, ಬಹರೈನ್ ದಿನಾರ್, ಒಮಾನಿ ರಿಯಾಲ್, ಜೋರ್ಡಾನ್ ದಿನಾರ್.
– ದಶಮಾಂಶವಿಲ್ಲ: ಜಪಾನಿನ ಯೆನ್, ದಕ್ಷಿಣ ಕೊರಿಯಾದ ವೋನ್.

ಕುವೈತಿನ ಖರೀದಿದಾರನೊಂದಿಗೆ 1,250.375 ದಿನಾರ್‌ಗೆ ಒಪ್ಪಂದವಾಗಿದ್ದು, ನಮ್ಮ ತಂತ್ರಾಂಶ ಎರಡು ಸ್ಥಾನಗಳನ್ನು ಮಾತ್ರ ಹಿಡಿದಿಟ್ಟುಕೊಂಡರೆ ಬಿಲ್ಲು 1,250.38 ದಿನಾರ್ ಎಂದು ಮುದ್ರಿತವಾಗುತ್ತದೆ. ಲೆಟರ್ ಆಫ್ ಕ್ರೆಡಿಟ್‌ನಲ್ಲಿರುವ ಮೊತ್ತಕ್ಕಿಂತ ಐದು ಫಿಲ್ಸ್ ಹೆಚ್ಚು. ಮೊತ್ತ ಅಲ್ಪವಾದರೂ ಕಾಗದಪತ್ರಗಳ ಪರಿಶೀಲನೆಯಲ್ಲಿ ಅದು ಪ್ರಶ್ನೆಗೆ ಎಡೆಮಾಡಿಕೊಡಬಹುದು.

ವಿನಿಮಯ ದರದ ವಿಷಯವೂ ಹೀಗೆಯೇ. ಫೈನಾನ್ಷಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ ಸಂಸ್ಥೆ 2018ರ ಜುಲೈನಿಂದ ಪ್ರಕಟಿಸುತ್ತಿರುವ ಡಾಲರಿನ ಉಲ್ಲೇಖ ದರದಲ್ಲಿ ನಾಲ್ಕು ದಶಮಾಂಶ ಸ್ಥಾನಗಳಿರುತ್ತವೆ. ಉದಾಹರಣೆಗೆ 83.4575 ಎಂಬ ದರವನ್ನು 83.46 ಎಂದು ದಾಖಲಿಸಿದರೆ ಒಂದು ಲಕ್ಷ ಡಾಲರಿನ ಒಪ್ಪಂದದಲ್ಲಿ 250 ರೂಪಾಯಿ ವ್ಯತ್ಯಾಸ. ಯೆನ್ ವಿಷಯದಲ್ಲಿ ಇದು ಇನ್ನಷ್ಟು ತೀವ್ರ. ಯೆನ್ ದರವನ್ನು 100 ಯೆನ್‌ಗೆ ಇಷ್ಟು ರೂಪಾಯಿ ಎಂದು ಪ್ರಕಟಿಸುವ ರೂಢಿಯಿದೆ. 100 ಯೆನ್‌ಗೆ 56.85 ರೂಪಾಯಿ ಇದ್ದಾಗ ಒಂದು ಯೆನ್‌ಗೆ 0.5685 ರೂಪಾಯಿ. ಇದನ್ನು 0.57 ಎಂದು ನಮೂದಿಸಿದರೆ ಒಂದು ಕೋಟಿ ಯೆನ್ ಬೆಲೆಯ ಯಂತ್ರಕ್ಕೆ 56,85,000 ರೂಪಾಯಿಯ ಬದಲು 57,00,000 ರೂಪಾಯಿ ಆಗುತ್ತದೆ; 15,000 ರೂಪಾಯಿ ಹೆಚ್ಚು.

ಯೂರೋಪಿನ ರಾಷ್ಟ್ರಗಳು ಯೂರೋವನ್ನು ಜಾರಿಗೆ ತರುವಾಗ ಈ ತೊಡಕನ್ನು ಮುಂದಾಗಿಯೇ ಕಂಡುಕೊಂಡಿದ್ದವು. 1997ರಲ್ಲಿ ಹೊರಡಿಸಿದ ನಿಯಮದಲ್ಲಿ ಪರಿವರ್ತನಾ ದರಗಳಿಗೆ ಆರು ಸಾರ್ಥಕ ಅಂಕೆಗಳಿರಬೇಕು, ಪರಿವರ್ತಿಸುವಾಗ ಆ ದರವನ್ನು ಮೊಟಕುಗೊಳಿಸಬಾರದು ಎಂದು ವಿಧಿಸಲಾಗಿತ್ತು. ಜರ್ಮನಿಯ ಮಾರ್ಕ್‌ಗೆ 1.95583, ಫ್ರಾನ್ಸಿನ ಫ್ರಾಂಕ್‌ಗೆ 6.55957 ಎಂಬ ದರಗಳು ಬಂದದ್ದು ಹಾಗೆ. ದರದಲ್ಲಿ ಅಂಕೆಗಳನ್ನು ಉಳಿಸಿ, ಮೊತ್ತದಲ್ಲಿ ಮಾತ್ರ ರೌಂಡ್ ಆಫ್ ಮಾಡುವ ತತ್ತ್ವವೇ ಅಲ್ಲಿಯೂ ಇರುವುದು.

ಕಾಣುವ ಅಂಕೆ, ಒಳಗಿರುವ ಅಂಕೆ

ಪರದೆಯ ಮೇಲೆ ಕಾಣುವ ಸಂಖ್ಯೆಯೇ ಗಣಕಯಂತ್ರದ ಒಳಗೆ ಇದೆ ಎಂದು ಭಾವಿಸುವಂತಿಲ್ಲ. ಎಕ್ಸೆಲ್ ಹಾಳೆಯ ಮೂರು ಕೋಶಗಳಲ್ಲಿ 10.334 ಎಂದಿದ್ದು, ಎರಡು ಸ್ಥಾನಗಳನ್ನು ಮಾತ್ರ ತೋರಿಸುವಂತೆ ಹೊಂದಿಸಿದ್ದರೆ ಪ್ರತಿಯೊಂದೂ 10.33 ಎಂದು ಕಾಣುತ್ತದೆ. ಮೊತ್ತ ಮಾತ್ರ 31.00 ಎಂದು ಕಾಣುತ್ತದೆ. ಕೈಯಲ್ಲಿ ಕೂಡಿಸಿದವರಿಗೆ 30.99 ಬರುತ್ತದೆ. ಇಲ್ಲಿ ಅಂಕೆಗಳು ಮರೆಯಾಗಿವೆಯೇ ಹೊರತು ಇಲ್ಲವಾಗಿಲ್ಲ. ತೋರಿಸುವ ಸ್ಥಾನಗಳನ್ನು ಕಡಿಮೆ ಮಾಡುವುದು ಬೇರೆ, ಸಂಖ್ಯೆಯನ್ನೇ ರೌಂಡ್ ಆಫ್ ಮಾಡುವುದು ಬೇರೆ.

ಇದಲ್ಲದೆ, ಅನೇಕ ತಂತ್ರಾಂಶಗಳು ಸಂಖ್ಯೆಗಳನ್ನು ದ್ವಿಮಾನ ಪದ್ಧತಿಯಲ್ಲಿ ಸಂಗ್ರಹಿಸುತ್ತವೆ. ಮೂರರಲ್ಲಿ ಒಂದು ಭಾಗವನ್ನು ನಾವು ದಶಮಾಂಶದಲ್ಲಿ ಪೂರ್ತಿಯಾಗಿ ಬರೆಯಲಾರೆವಷ್ಟೆ. ಹಾಗೆಯೇ ಹತ್ತು ಪೈಸೆ, ಅಂದರೆ 0.1 ಎಂಬುದನ್ನು ದ್ವಿಮಾನದಲ್ಲಿ ಪೂರ್ತಿಯಾಗಿ ಬರೆಯಲಾಗದು. 1.005 ಎಂದು ನಾವು ನಮೂದಿಸಿದ ಸಂಖ್ಯೆ ಒಳಗೆ ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆಯಾಗಿ ಸಂಗ್ರಹವಾಗುತ್ತದೆ; ಅದನ್ನು ರೌಂಡ್ ಆಫ್ ಮಾಡಿದಾಗ ಕೆಲವು ತಂತ್ರಾಂಶಗಳಲ್ಲಿ 1.01ರ ಬದಲು 1.00 ಬರುತ್ತದೆ. ಹಣದ ಅಂಕಣಗಳಿಗೆ ದಶಮಾಂಶ ಬಗೆಯ ಸಂಗ್ರಹವನ್ನೇ ಬಳಸಲಾಗಿದೆಯೇ ಎಂದು ತಂತ್ರಾಂಶ ಒದಗಿಸುವವರನ್ನು ಕೇಳುವ ಹಕ್ಕು ಗ್ರಾಹಕನಿಗಿದೆ.

ಅಳವಡಿಸುವ ಕ್ರಮ

ಮೇಲಿನ ವಿವೇಚನೆಯ ಆಧಾರದ ಮೇಲೆ ಈ ಕೆಳಗಿನ ಕ್ರಮವನ್ನು ಸೂಚಿಸಬಹುದು.

1. ಮೊದಲ ಒಪ್ಪಂದವನ್ನು ದಾಖಲಿಸುವ ಮುನ್ನವೇ ಸ್ಥಾನಗಳನ್ನು ನಿಗದಿಪಡಿಸಬೇಕು. ಎರಡು ಸ್ಥಾನಗಳಿಗೆ ಕಡಿತಗೊಂಡು ಸಂಗ್ರಹವಾದ ದರ, ಆಮೇಲೆ ನಾಲ್ಕು ಸ್ಥಾನಗಳಿಗೆ ಅವಕಾಶ ಕೊಟ್ಟರೆ 0.3800 ಎಂದು ಕಾಣುತ್ತದೆಯೇ ವಿನಾ 0.3750 ಆಗಿ ಮರಳುವುದಿಲ್ಲ.

2. ಘಟಕ ದರಕ್ಕೆ ಮೂರು ಅಥವಾ ನಾಲ್ಕು, ಅನುಪಾತ ಹಾಗೂ ವಿನಿಮಯ ದರಕ್ಕೆ ಆರು, ಮೊತ್ತಕ್ಕೆ ಆಯಾ ಕರೆನ್ಸಿಯ ಮಾನಕದಂತೆ ಸ್ಥಾನಗಳನ್ನು ಇಡಬೇಕು. ಮೈಕ್ರೋಸಾಫ್ಟ್ ಡೈನಾಮಿಕ್ಸ್‌ನಂತಹ ತಂತ್ರಾಂಶಗಳಲ್ಲಿ ಹಣದ ಪ್ರತಿ ಅಂಕಣಕ್ಕೂ ಮೂರು ಆಯ್ಕೆಗಳಿವೆ: ಇಡೀ ಸಂಸ್ಥೆಗೆ ಅನ್ವಯವಾಗುವ ಬೆಲೆಯ ಸ್ಥಾನ, ಆಯಾ ಕರೆನ್ಸಿಗೆ ನಿಗದಿಯಾದ ಸ್ಥಾನ, ಅಥವಾ ಆ ಅಂಕಣಕ್ಕೆಂದೇ ಬೇರೆ ಸ್ಥಾನ. ದರಕ್ಕೆ ಮೂರನೆಯದು, ಒಪ್ಪಂದದ ಒಟ್ಟು ಮೊತ್ತಕ್ಕೆ ಎರಡನೆಯದು ಸೂಕ್ತ.

3. ಪ್ರಮಾಣದ ಅಂಕಣವನ್ನು ಮರೆಯಬಾರದು. ನಗಗಳಿಗೆ ದಶಮಾಂಶ ಬೇಡ; ಕಿಲೋಗ್ರಾಮ್ ಮತ್ತು ಟನ್‌ಗಳಿಗೆ ಮೂರು ಸ್ಥಾನ ಬೇಕು. ಟನ್ನಿನ ಮೂರನೆಯ ಸ್ಥಾನವೆಂದರೆ ಒಂದು ಕಿಲೋಗ್ರಾಮ್.

4. ರೌಂಡ್ ಆಫ್ ವ್ಯತ್ಯಾಸಕ್ಕೆ ಪ್ರತ್ಯೇಕ ಖಾತೆಯನ್ನು ತೆರೆದು ಪ್ರತಿ ತಿಂಗಳೂ ಪರಿಶೀಲಿಸಬೇಕು. ಬಿಲ್ಲಿಗೆ ಒಮ್ಮೆ ಮಾತ್ರ ಸಮೀಪದ ರೂಪಾಯಿಗೆ ಹೊಂದಿಸಿದರೆ ಒಂದು ಬಿಲ್ಲಿನ ವ್ಯತ್ಯಾಸ 50 ಪೈಸೆಯನ್ನು ಮೀರದು. ತಿಂಗಳಿಗೆ 200 ಬಿಲ್ಲುಗಳಿದ್ದರೆ ಆ ಖಾತೆಯ ಶಿಲ್ಕು 100 ರೂಪಾಯಿಯನ್ನು ದಾಟಲಾರದು. ದಾಟಿದ್ದರೆ ಎಲ್ಲೋ ದೋಷವಿದೆ ಎಂದೇ ತಿಳಿಯಬೇಕು. ಹೆಚ್ಚಳ ಮತ್ತು ಇಳಿಕೆಗಳು ಸಾಮಾನ್ಯವಾಗಿ ಪರಸ್ಪರ ಸರಿದೂಗುವುದರಿಂದ ಶಿಲ್ಕು ಇದಕ್ಕಿಂತ ಬಹಳ ಕಡಿಮೆಯೇ ಇರಬೇಕು.

5. ದತ್ತಾಂಶವನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವಾಗ ಕೆಲವು ದರಗಳನ್ನು ಎರಡೂ ಕಡೆ ಹೋಲಿಸಿ ನೋಡಬೇಕು. ಮೂಲದಲ್ಲಿದ್ದ ಅಂಕೆಗಳು ನಡುವಿನ ಕಡತದಲ್ಲಿ ಉದುರಿಹೋಗುವ ಸಂಭವ ಉಂಟು.

6. 37.5 ಪೈಸೆಯಂತಹ ದರ, ಸರಿಯಾಗಿ ಅರ್ಧ ಬರುವ ತೆರಿಗೆ, ಋಣ ಮೊತ್ತದ ಕ್ರೆಡಿಟ್ ನೋಟ್ ಮತ್ತು ಒಂದು ವಿದೇಶಿ ಕರೆನ್ಸಿಯ ಬಿಲ್ಲು, ಈ ನಾಲ್ಕನ್ನು ಪರೀಕ್ಷಾರ್ಥವಾಗಿ ತಯಾರಿಸಿ, ಕೈಲೆಕ್ಕದೊಂದಿಗೆ ತಾಳೆಯಾದ ನಂತರವೇ ತಂತ್ರಾಂಶವನ್ನು ಬಳಕೆಗೆ ತರಬೇಕು.

ನಗದು ವಹಿವಾಟಿನವರು ಇನ್ನೊಂದನ್ನು ಗಮನಿಸಬೇಕು. 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳ ಚಲಾವಣೆ 2011ರ ಜೂನ್ 30ರಿಂದ ರದ್ದಾಗಿದೆ. 50 ಪೈಸೆಯ ನಾಣ್ಯಕ್ಕೆ ಮಾತ್ರ ಕಾನೂನಿನ ಮಾನ್ಯತೆ ಉಳಿದಿದೆ. ಆದರೆ ಬ್ಯಾಂಕಿನ ಮೂಲಕ ನಡೆಯುವ ಪಾವತಿಯಲ್ಲಿ ಪ್ರತಿ ಪೈಸೆಯೂ ಸಾಗುತ್ತದೆ. ಆದ್ದರಿಂದ ನಾಣ್ಯವಿಲ್ಲವೆಂಬ ಕಾರಣಕ್ಕೆ ಲೆಕ್ಕದಲ್ಲಿ ಪೈಸೆಯನ್ನು ಕೈಬಿಡುವುದು ಸರಿಯಲ್ಲ.

ಒಪ್ಪಂದದಲ್ಲಿಯೇ ಬರೆದಿರಲಿ

ತಂತ್ರಾಂಶದ ವ್ಯವಸ್ಥೆ ಎಷ್ಟೇ ಸಮರ್ಪಕವಾಗಿದ್ದರೂ ಅದು ಒಬ್ಬರ ಕಚೇರಿಯ ಒಳಗಿನ ಏರ್ಪಾಡು. ಎದುರು ಪಕ್ಷದವರು ಅದಕ್ಕೆ ಬದ್ಧರಲ್ಲ. ಆದುದರಿಂದ ಒಪ್ಪಂದದ ಪಠ್ಯದಲ್ಲಿಯೇ ಈ ಬಗ್ಗೆ ಒಂದು ಷರತ್ತನ್ನು ಸೇರಿಸುವುದು ಅಗತ್ಯ. ಮಾದರಿಯಾಗಿ ಈ ಕೆಳಗಿನಂತೆ ಬರೆಯಬಹುದು:

"ಈ ಒಪ್ಪಂದದ ಘಟಕ ದರಗಳನ್ನು ಮೂರು ದಶಮಾಂಶ ಸ್ಥಾನಗಳವರೆಗೆ ನಮೂದಿಸಲಾಗಿದ್ದು, ಲೆಕ್ಕ ಹಾಕುವಾಗ ಅವುಗಳನ್ನು ಮೊಟಕುಗೊಳಿಸತಕ್ಕದ್ದಲ್ಲ. ಬೆಲೆ ಪರಿಷ್ಕರಣೆಯ ಅನುಪಾತವನ್ನು ಆರು ದಶಮಾಂಶ ಸ್ಥಾನಗಳಿಗೆ ಲೆಕ್ಕ ಹಾಕತಕ್ಕದ್ದು. ಬಿಲ್ಲಿನ ಪ್ರತಿ ಸಾಲಿನ ಮೊತ್ತವನ್ನು ಸಮೀಪದ ಪೈಸೆಗೂ, ಬಿಲ್ಲಿನ ಒಟ್ಟು ಮೊತ್ತವನ್ನು ಒಮ್ಮೆ ಮಾತ್ರ ಸಮೀಪದ ರೂಪಾಯಿಗೂ ಹೊಂದಿಸತಕ್ಕದ್ದು. ಸರಿಯಾಗಿ ಅರ್ಧ ಬಂದಲ್ಲಿ ಮೇಲಿನ ಸಂಖ್ಯೆಗೆ ಏರಿಸತಕ್ಕದ್ದು. ಒಂದು ಬಿಲ್ಲಿನಲ್ಲಿ ಒಂದು ರೂಪಾಯಿಯನ್ನು ಮೀರದ ವ್ಯತ್ಯಾಸದ ಕಾರಣಕ್ಕೆ ಪಾವತಿಯನ್ನು ತಡೆಹಿಡಿಯತಕ್ಕದ್ದಲ್ಲ."

ಈ ಐದು ವಾಕ್ಯಗಳಲ್ಲಿ ಕೊನೆಯದು ಸಣ್ಣ ಸರಬರಾಜುದಾರರಿಗೆ ವಿಶೇಷವಾಗಿ ಉಪಯುಕ್ತ. ದೊಡ್ಡ ಖರೀದಿದಾರರ ಸಿದ್ಧ ನಮೂನೆಗಳಲ್ಲಿ ಇಂತಹ ಷರತ್ತು ಇಲ್ಲದಿದ್ದಲ್ಲಿ ಸಹಿ ಹಾಕುವ ಮುನ್ನ ಕೇಳಿ ಸೇರಿಸಿಕೊಳ್ಳಬೇಕು. ದರದ ಬಗ್ಗೆ ಗಂಟೆಗಟ್ಟಲೆ ಚೌಕಾಸಿ ನಡೆಸಿ ಅರ್ಧ ಪೈಸೆಯನ್ನು ಗಿಟ್ಟಿಸಿಕೊಂಡ ಉದ್ಯಮಿ, ಆ ಅರ್ಧ ಪೈಸೆ ತಂತ್ರಾಂಶದಲ್ಲಿ ಉಳಿದಿದೆಯೇ ಎಂದು ನೋಡಿಕೊಳ್ಳುವುದಕ್ಕೆ ಐದು ನಿಮಿಷಗಳನ್ನು ವ್ಯಯಿಸುವುದು ದುಬಾರಿಯೇನಲ್ಲ. ಸದಸ್ಯರು ತಮ್ಮಲ್ಲಿ ಜಾರಿಯಲ್ಲಿರುವ ಒಪ್ಪಂದಗಳ ಪೈಕಿ ಒಂದು ರೂಪಾಯಿಗಿಂತ ಕಡಿಮೆ ದರವಿರುವವುಗಳನ್ನು, ಬೆಲೆ ಪರಿಷ್ಕರಣೆಯ ಷರತ್ತು ಇರುವವುಗಳನ್ನು ಹಾಗೂ ವಿದೇಶಿ ಕರೆನ್ಸಿಯಲ್ಲಿರುವವುಗಳನ್ನು ಮೊದಲು ತೆಗೆದು, ಕಾಗದದ ಮೇಲಿನ ದರ ಮತ್ತು ಗಣಕಯಂತ್ರದಲ್ಲಿನ ದರ ಒಂದೇ ಆಗಿವೆಯೇ ಎಂದು ಪರಿಶೀಲಿಸುವುದು ಸೂಕ್ತ. ವ್ಯತ್ಯಾಸ ಕಂಡುಬಂದಲ್ಲಿ ತಮ್ಮ ಲೆಕ್ಕಪರಿಶೋಧಕರ ಸಲಹೆ ಪಡೆದು, ಆರ್ಥಿಕ ವರ್ಷ ಮುಗಿಯುವುದರೊಳಗೆ ಸರಿಪಡಿಸಿಕೊಳ್ಳತಕ್ಕದ್ದು.